ಜೇಬಿನಲ್ಲಿದ್ದ ಕಾರ್ಡು

೧೯೬೨ ಜುಲೈ ೧೯, ಗುರುವಾರ. ತುಮಕೂರು

ಇದು ವಕೀಲರ ಡೈರಿ. ಯಾವನೋ ಕಕ್ಷಿಗಾರ ಹೊಸ ವರ್ಷಕ್ಕೆ ಇವರಿಗೆ ಕೊಟ್ಟದ್ದು. ಆರು ತಿಂಗಳು ಖಾಲಿ ಬಿದ್ದಿತ್ತು. "ನಿದ್ದೆ ಬರಲ್ಲ ಅಂತ ಒದ್ದಾಡೋ ಬದಲು ಇದರಲ್ಲಿ ಏನಾದ್ರೂ ಗೀಚು, ನಿನ್ನ ಬಿ.ಎ.ಗೂ ತುಕ್ಕು ಹಿಡಿಯಲ್ಲ" ಅಂತ ನನ್ನ ಕಡೆ ತಳ್ಳಿದರು. ಹೇಳುವುದಕ್ಕೇನು. ಸುಬ್ಬಕೃಷ್ಣ ವಕೀಲರು ದಿಂಬಿಗೆ ತಲೆ ಕೊಟ್ಟ ಮರುಗಳಿಗೆ ಗೊರಕೆ.

ಪಟ್ಟುವಿಗೆ ಐದು ತಿಂಗಳು. ನಿನ್ನೆ ಮೂರು ಸಲ ಎದ್ದು ಅವನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ, ಉಸಿರಾಡುತ್ತಿದ್ದಾನೆಯೇ ಅಂತ. ಮೂರನೆಯ ಸಲ ಎಚ್ಚೆತ್ತು ಅತ್ತುಬಿಟ್ಟ. ಪಕ್ಕದ ಕೋಣೆಯಿಂದ ಅತ್ತೆಯವರು ಕೇಳಿಸಲಿ ಅಂತಲೇ ಅಂದರು: "ಮಲಗಿರೋ ಮಗೂನ ಎಬ್ಬಿಸಿ ಅಳಿಸೋ ತಾಯಿನ ನಾನು ಇಲ್ಲೇ ನೋಡಿದ್ದು."

ಅವನಿಗೆ ಮೂಗು ಕಟ್ಟಿದೆ, ಅಷ್ಟೇ. ಗುಬ್ಬಿಗೆ ಒಂದು ಕಾರ್ಡು ಹಾಕು, ನಿಮ್ಮಮ್ಮ ಎಣ್ಣೆಗೆ ಏನು ಹಾಕಿ ಕಾಯಿಸ್ತಾರೆ ಕೇಳು ಅಂದರು ಅತ್ತೆಯವರು. "ಮಗುವಿಗೆ ಹುಷಾರಿಲ್ಲ" ಅಂತ ಶುರು ಮಾಡಿದೆ. ಬರೆದ ಮೇಲೆ ಆ ಎರಡು ಪದ ನೋಡಿ ಪೆನ್ನು ಕೆಳಗಿಟ್ಟೆ. ಬರೆದರೆ ಬಂದೇಬಿಡುತ್ತದೆ ಅನ್ನಿಸಿತು. ಕಾರ್ಡು ಹರಿದು ಒಲೆಗೆ ಹಾಕಿದೆ. ಇತಿಹಾಸ ಓದಿದವಳ ಧೈರ್ಯ ಇಷ್ಟು.

ಜುಲೈ ೨೭, ಶುಕ್ರವಾರ

ಅಪ್ಪ ಬೆಳಗಿನ ರೈಲಿಗೆ ಬಂದು ಸಂಜೆ ರೈಲಿಗೆ ಹೋದರು. ಹೆಡ್‌ಮಾಸ್ಟರ್ ಜಯರಾಮಯ್ಯನವರು ರಿಟೈರಾಗಿ ಎರಡು ವರ್ಷವಾದರೂ ಕೋಟಿನ ಮೇಲು ಜೇಬಿನಲ್ಲಿ ಕೆಂಪು ಪೆನ್ಸಿಲ್ ಇದ್ದೇ ಇದೆ.

ಗುಬ್ಬಿಯಲ್ಲಿ ಚಿಕ್ಕಪ್ಪನ ಹೆಸರಿನ ವಾಚನಾಲಯ ಕಟ್ಟಿ ಮುಗಿಯುತ್ತ ಬಂದಿದೆಯಂತೆ. ಗಾಂಧಿ ಜಯಂತಿ ದಿವಸ ಆರಂಭೋತ್ಸವ. ಸಮಿತಿಯ ಅಧ್ಯಕ್ಷರು ಮಹಾದೇವಯ್ಯನವರು, ಒಂದು ಸ್ಮರಣ ಸಂಚಿಕೆಯೂ ತರಬೇಕು ಅಂತ ಹಟ ಹಿಡಿದಿದ್ದಾರಂತೆ.

"ನೀನೇ ಬರೀಬೇಕು ಕಣೇ ಕೌಸಿ. ನಾನು ಬರೆದ್ರೆ ಅಣ್ಣ ತಮ್ಮನ್ನ ಹೊಗಳ್ದ ಅಂತಾರೆ. ನೀನು ಹಿಸ್ಟರಿ ಓದ್ದೋಳು. ಮೇಲಾಗಿ ಆ ಕಾಗದ ನಿಂದು."

ಆ ಕಾಗದ. ಇವರ ಮನೆಯವರು ಹೆಣ್ಣು ನೋಡಲು ಬಂದ ದಿವಸವೂ ಅಪ್ಪ ಅದನ್ನೇ ಹೇಳಿದ್ದರು. ಈವತ್ತು ಪಟ್ಟುವನ್ನು ತೊಡೆಯ ಮೇಲೆ ಹಾಕಿಕೊಂಡು ಅವನಿಗೂ ಹೇಳಿದರು. ಒಂದು ಮಾತು ಆಚೆ ಇಲ್ಲ, ಈಚೆ ಇಲ್ಲ. ನಲವತ್ತೇಳನೇ ಇಸವಿ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಮೈಸೂರಿಗೆ ಇನ್ನೂ ಜನರ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ಊರೂರಲ್ಲಿ ಚಳವಳಿ. ಅಪ್ಪನ ತಮ್ಮ ಪಟ್ಟಾಭಿರಾಮ, ಹತ್ತೊಂಬತ್ತು ವರ್ಷ, ತುಮಕೂರಲ್ಲಿ ರೂಮು ಮಾಡಿಕೊಂಡು ಇಂಟರ್‌ಮೀಡಿಯೆಟ್ ಓದುತ್ತಿದ್ದ. ಗಣಪತಿ ಹಬ್ಬ ಆಗಿ ಒಂದು ವಾರಕ್ಕೆ ತುಮಕೂರಲ್ಲಿ ಮೆರವಣಿಗೆ ಹೊರಟಿತು. ಬಾವುಟ ಹಿಡಿದವನು ಚಿಕ್ಕಪ್ಪ. ಲಾಠಿ ತಲೆಗೆ ಬಿತ್ತು. ದೇಹವನ್ನು ಪೊಲೀಸರೇ ಸುಟ್ಟರು. ಮನೆಗೆ ಬಂದದ್ದು ಒಂದು ಸುದ್ದಿ ಮಾತ್ರ: ಶರಟಿನ ಜೇಬಿನಲ್ಲಿ ಒಂದು ಪೋಸ್ಟ್ ಕಾರ್ಡು ಇತ್ತು. ಅಣ್ಣನ ಮಗಳು, ಹನ್ನೊಂದು ವರ್ಷದ ಕೌಸಲ್ಯ, ಬರೆದದ್ದು. "ಗೆದ್ದು ಬಾ ಚಿಕ್ಕಪ್ಪ."

ನನಗೆ ಚೆನ್ನಾಗಿ ನೆನಪಿದೆ. ಪೆನ್ಸಿಲ್ ಮೊಂಡಾಗಿತ್ತು. ಅಪ್ಪ ಬ್ಲೇಡಿನಲ್ಲಿ ಚೂಪು ಮಾಡಿ ಕೊಟ್ಟರು. "ಗೆದ್ದು" ಬರೆಯುವಾಗ ಒತ್ತಕ್ಷರದ ಬಾಲ ಕೆಳಗಿನ ಸಾಲಿಗೆ ತಾಗಿದ್ದು ಸಹ ಕಣ್ಣಿಗೆ ಕಟ್ಟಿದೆ.

ಮೈಸೂರಿನ ಹಾಸ್ಟೆಲಿನಲ್ಲಿ ನನಗೆ ಸೀಟು ಸಿಕ್ಕಿದ್ದು ಹುತಾತ್ಮರ ಮನೆ ಹುಡುಗಿ ಅಂತ. ಈ ಮನೆಗೆ ಸೊಸೆಯಾದದ್ದೂ ಅರ್ಧ ಅದಕ್ಕೇ. ಮಗನಿಗೆ ಹೆಸರಿಡುವಾಗ ಯಾರನ್ನೂ ಕೇಳಲಿಲ್ಲ. ಪಟ್ಟಾಭಿರಾಮ ಅಂತ ಮೊದಲೇ ಗೊತ್ತಿತ್ತು.

ಅಪ್ಪ ಹೋಗುವಾಗ ಒಂದು ಫೈಲು ಕೊಟ್ಟು ಹೋಗಿದ್ದಾರೆ.

ಆಗಸ್ಟ್ ೫, ಭಾನುವಾರ

ಬರೆಯಲು ಕೂತರೆ ಅಳುತ್ತಾನೆ. ಅವನು ಮಲಗಿದರೆ ಉಸಿರು ನೋಡುತ್ತ ಕೂರುತ್ತೇನೆ. ಒಂದು ಪುಟವೂ ಆಗಿಲ್ಲ.

ಫೈಲಿನಲ್ಲಿ ಪತ್ರಿಕೆಯ ಒಂದು ತುಂಡು ಇದೆ. ೧೯೪೭ ಸೆಪ್ಟೆಂಬರ್ ೨೬ರದ್ದು. ಹಿಂದಿನ ದಿವಸ ತುಮಕೂರಿನಲ್ಲಿ ಮೆರವಣಿಗೆ, ಲಾಠಿ ಪ್ರಯೋಗ, ಹಲವರಿಗೆ ಪೆಟ್ಟು. ಯಾರ ಹೆಸರೂ ಇಲ್ಲ. ಅಂಚಿನಲ್ಲಿ ಅಪ್ಪನ ಕೆಂಪು ಪೆನ್ಸಿಲ್: "ಹೆಸರು ಮುಚ್ಚಿಟ್ಟರು." ಕಾಲೇಜಿನಲ್ಲಿ ನಮ್ಮ ಇತಿಹಾಸದ ಮೇಡಂ ಹೇಳುತ್ತಿದ್ದರು, ತಾರೀಖು ಇಲ್ಲದ ಮಾತನ್ನು ಅಜ್ಜಿಗೆ ಬಿಡಿ, ನೀವು ತಾರೀಖಿನಿಂದ ಶುರು ಮಾಡಿ ಅಂತ. ಹಾಗೇ ಶುರು ಮಾಡಿದ್ದೇನೆ. "ಸೆಪ್ಟೆಂಬರ್ ಇಪ್ಪತ್ತೈದರಂದು" ಅಂತ ಒಂದು ಸಾಲು.

ಆಗಸ್ಟ್ ೧೬, ಗುರುವಾರ

ಹೇಗೆ ಬರೆಯುವುದೋ ತಿಳಿಯದು. ಆದದ್ದು ಇಷ್ಟೇ.

ಮಧ್ಯಾಹ್ನ ಅತ್ತೆಯವರು ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಪಟ್ಟುವಿಗೆ ಎಣ್ಣೆ ಹಚ್ಚುತ್ತಿದ್ದೆ. ಗುಬ್ಬಿಗೆ ಚಿಕ್ಕಪ್ಪನ ತಿಥಿಗೆ ಹೋಗಿ ಬರಲೇ ಅಂತ ಕೇಳಿದೆ.

"ಯಾವತ್ತು?"

"ಶ್ರಾವಣ ಬಹುಳ ದಶಮಿ. ಈ ಶನಿವಾರ ಅಲ್ಲ, ಮುಂದಿನ ಶನಿವಾರ."

ಅವರ ಕೈ ಮೊರದಲ್ಲಿ ನಿಂತಿತು. "ಗಣಪತಿ ಹಬ್ಬ ಆದ್ಮೇಲಲ್ವೇನೇ ಲಾಠಿ ಏಟು ಬಿದ್ದದ್ದು? ಹೆಣ್ಣು ತೋರಿಸ್ದಾಗ ನಿಮ್ಮಪ್ಪ ಹಾಗೇ ಹೇಳಿದ್ರು. ಭಾದ್ರಪದದಲ್ಲಿ ಸತ್ತೋನಿಗೆ ಶ್ರಾವಣದಲ್ಲಿ ಪಿಂಡ ಇಡೋ ಪದ್ಧತಿ ನಿಮ್ಮ ಗುಬ್ಬಿ ಕಡೆ ಇದೆಯೇನೋಮ್ಮ."

ನಾನು ನಕ್ಕೆ. ಅವರೂ ನಕ್ಕು ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ ನನಗೆ ನಗು ಬರಲಿಲ್ಲ.

ಹದಿನೈದು ವರ್ಷ ಇದನ್ನು ನಾನು ನೋಡಲೇ ಇಲ್ಲವಲ್ಲ. ನಮ್ಮ ಮನೆಯಲ್ಲಿ ನಡುಮನೆಗೆ ಇಂಗ್ಲಿಷ್ ಕ್ಯಾಲೆಂಡರು, ಅಡುಗೆಮನೆಗೆ ಪಂಚಾಂಗ. ಚಿಕ್ಕಪ್ಪ ಹೇಗೆ ಸತ್ತ ಅನ್ನುವುದು ನಡುಮನೆಯ ಮಾತು, ಅವನಿಗೆ ವಡೆ ಪಾಯಸ ಮಾಡುವುದು ಅಡುಗೆಮನೆಯ ಮಾತು. ಎರಡನ್ನೂ ಒಂದು ಕಡೆ ಇಟ್ಟು ಯಾರೂ ನೋಡಿರಲಿಲ್ಲ.

ಅಟ್ಟದ ಮೇಲೆ ಮಾವನವರ ಕಾಲದ ಪಂಚಾಂಗಗಳ ಗಂಟು ಇದೆ. ಇಳಿಸಿದೆ. ಸರ್ವಜಿತ್ ಸಂವತ್ಸರದ್ದು ಸಿಕ್ಕಿತು, ಅದೇ ನಲವತ್ತೇಳು. ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಒಂದು ಗಳಿಗೆ ಉಸಿರು ಬಂತು, ತಿಂಗಳು ಆಚೀಚೆ ಆಗಿರಬೇಕು ಅಂತ. ಇಲ್ಲ. ಅಧಿಕ ಮಾಸ ಆಗಸ್ಟಿಗೇ ಮುಗಿದಿತ್ತು. ಶ್ರಾವಣ ಬಹುಳ ದಶಮಿ ಬರುವುದು ಸೆಪ್ಟೆಂಬರ್ ಹತ್ತಕ್ಕೆ. ಮೆರವಣಿಗೆ ಇಪ್ಪತ್ತೈದಕ್ಕೆ. ನಡುವೆ ಗೌರಿ ಬಂದು, ಗಣಪತಿ ಬಂದು, ನೀರಿಗೆ ಬಿಟ್ಟೂ ಆಗಿತ್ತು.

ಚಿಕ್ಕಪ್ಪ ಸತ್ತು ಹದಿನೈದು ದಿನಕ್ಕೆ ಮೆರವಣಿಗೆಯಲ್ಲಿ ಬಾವುಟ ಹಿಡಿದಿದ್ದಾನೆ.

ಅಪ್ಪ ಬರೆದುಕೊಂಡದ್ದು ತಪ್ಪಿರಬೇಕು. ಪುರೋಹಿತರು ತಪ್ಪು ಹೇಳಿರಬೇಕು. ಏನೋ ಇರಬೇಕು.

ಆಗಸ್ಟ್ ೨೬, ಭಾನುವಾರ. ಗುಬ್ಬಿ

ನಿನ್ನೆ ತಿಥಿ ಆಯಿತು. ಅಪ್ಪ ಒದ್ದೆ ಪಂಚೆಯಲ್ಲಿ ದರ್ಭೆ ಹಿಡಿದು ಕೂತಿದ್ದರು. ಪುರೋಹಿತರು ಹೇಳಿಕೊಟ್ಟಂತೆ ಶ್ರಾವಣ ಮಾಸ, ಕೃಷ್ಣ ಪಕ್ಷ, ದಶಮಿ ಅಂತ ಸ್ಪಷ್ಟವಾಗಿ ಹೇಳಿದರು. ವೇದಿಕೆಯ ಮೇಲೆ ಚಿಕ್ಕಪ್ಪನ ಕಥೆ ಹೇಳುವಾಗ ಅವರ ದನಿ ಏರುತ್ತದೆ. ನಿನ್ನೆ ಏರಲಿಲ್ಲ. ತಲೆ ಎತ್ತಲೂ ಇಲ್ಲ.

ಊಟವಾದ ಮೇಲೆ ವೀಳ್ಯದೆಲೆ ಕೊಡುವಾಗ ಕೇಳಿದೆ. "ಅಪ್ಪ, ತಿಥಿ ಬಹುಳ ದಶಮಿ ಹೇಗಾಯ್ತು? ಗಣಪತಿ ಹಬ್ಬ ಆಗಿತ್ತಲ್ಲ."

ಅಡಿಕೆ ಬಾಯಿಗೆ ಹಾಕಿಕೊಂಡರು. "ದೇಹ ನಮ್ಮ ಕೈಗೆ ಬರಲಿಲ್ಲ. ದಿವಸ ಖಚಿತ ಇಲ್ಲ ಅಂತ ಪುರೋಹಿತರು ಒಂದು ಗೊತ್ತು ಮಾಡಿಕೊಟ್ರು. ನೀನು ಬರೆಯೋದು ಎಲ್ಲಿಗೆ ಬಂತು?"

ಸತ್ತ ದಿವಸ ತಿಳಿಯದವರಿಗೆ ಅಮಾವಾಸ್ಯೆ ಇಡುತ್ತಾರೆ. ಇಲ್ಲ ಏಕಾದಶಿ. ಅದು ಅಪ್ಪನಿಗೆ ಗೊತ್ತು. ನನಗೆ ಗೊತ್ತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಹಿತ್ತಿಲಲ್ಲಿ ಅಮ್ಮ ಪಾತ್ರೆ ಉಜ್ಜುತ್ತಿದ್ದಳು. ಅವಳನ್ನೂ ಕೇಳಿದೆ. ಬೂದಿ ಕೈಯಲ್ಲೇ ತಿರುಗಿ ನೋಡಿದಳು.

"ಅನ್ನ ಅವನಿಗೆ ಹೋಗಿ ಸೇರಬೇಕಲ್ಲೇ. ಸುಳ್ಳು ದಿವಸ ಇಟ್ಟರೆ ಸೇರುತ್ತೇನು? ಜನಕ್ಕೆ ಏನು ಬೇಕಾದ್ರೂ ಹೇಳಬಹುದು."

ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು. ಒಂದು ಕೊಳಗ ಪೂರ್ತಿ ಉಜ್ಜಿ ತೊಳೆದು ಬೋರಲು ಹಾಕಿದ ಮೇಲೆ ಅಂದಳು: "ನೀನು ಕೊತ್ತಗೆರೆಗೆ ಗಿತ್ತಗೆರೆಗೆ ಅಂತ ಹೋಗಬೇಡ, ಹೇಳಿದೀನಿ."

ನಾನು ಕೊತ್ತಗೆರೆಯ ಹೆಸರೇ ಎತ್ತಿರಲಿಲ್ಲ.

ಕೊತ್ತಗೆರೆಯಲ್ಲಿರುವುದು ತುಳಸತ್ತೆ. ಅಪ್ಪನ ಅಕ್ಕ, ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಸಾಕಿದ ತಮ್ಮ ಸತ್ತ ಸುದ್ದಿ ಹೋದರೂ ಮುಖ ತೋರಿಸಲಿಲ್ಲ, ಕಲ್ಲು ಎದೆ ಅಂತ ನಮ್ಮ ಮನೆಯಲ್ಲಿ ಅವಳ ಮಾತು ಬಂದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಹದಿನೈದು ವರ್ಷದಿಂದ ಹೋಗಿ ಬರುವುದಿಲ್ಲ. ನಾನು ಚಿಕ್ಕಂದಿನಲ್ಲಿ ಯಾರ ಜೊತೆಗಾದರೂ ಮಾತು ಬಿಟ್ಟರೆ "ತುಳಸತ್ತೆ ಆಗಬೇಡ" ಅಂತ ಗದರಿಸುತ್ತಿದ್ದರು.

ಸೆಪ್ಟೆಂಬರ್ ೬, ಗುರುವಾರ. ತುಮಕೂರು

ನಾಳೆ ಇವರಿಗೆ ಕುಣಿಗಲ್ ಮುನ್ಸಿಫ್ ಕೋರ್ಟಿನಲ್ಲಿ ಕೇಸು ಇದೆ. ಕೊತ್ತಗೆರೆ ಅಲ್ಲಿಂದ ಹತ್ತಿರ, ಜೊತೆಯಲ್ಲಿ ಹೊರಟಿದ್ದೇನೆ. ಅತ್ತೆಯವರಿಗೆ ಏನು ಹೇಳುವುದು ಅಂತ ಬೆಳಗಿನಿಂದ ಯೋಚಿಸಿ ಕೊನೆಗೆ, "ಕೊತ್ತಗೆರೆ ತುಳಸತ್ತೆಗೆ ಹುಷಾರಿಲ್ಲವಂತೆ, ನೋಡಿಕೊಂಡು ಬರ್ತೀನಿ" ಅಂದೆ. "ಹೋಗಿ ಬಾ ಪಾಪ" ಅಂದು ಒಂದು ಸೀಸೆ ನಿಂಬೆಕಾಯಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ಜ್ವರದ ಬಾಯಿಗೆ ಒಳ್ಳೆಯದಂತೆ.

ಸೆಪ್ಟೆಂಬರ್ ೮, ಶನಿವಾರ

ನಿನ್ನೆಯದನ್ನು ಈವತ್ತು ಬರೆಯುತ್ತಿದ್ದೇನೆ. ಇದ್ದದ್ದು ಇದ್ದ ಹಾಗೆ ಬರೆಯಬೇಕು. ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಈಗ.

ಕುಣಿಗಲ್ಲಿನಲ್ಲಿ ಬಸ್ಸಿಳಿದು, ಇವರು ಕೋರ್ಟಿಗೆ ಹೋಗುವ ಮುಂಚೆ ನನ್ನನ್ನೂ ಪಟ್ಟುವನ್ನೂ ಜಟಕಾ ಹತ್ತಿಸಿದರು. ಕೊತ್ತಗೆರೆಯಲ್ಲಿ ಮನೆ ತೋರಿಸಲು ಯಾರೂ ಬೇಕಾಗಲಿಲ್ಲ. ಕೆಂಪು ಸೀರೆಯನ್ನು ತಲೆಯ ಮೇಲೆ ಎಳೆದುಕೊಂಡು ಜಗಲಿಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದವಳು ನನ್ನನ್ನು ನೋಡಿ, ಮುಖವನ್ನು ಒಂದು ನಿಮಿಷ ನೋಡಿ, "ಕೌಸೀನಾ?" ಅಂದಳು. "ಹನ್ನೊಂದು ವರ್ಷದ ಹುಡುಗೀನ ನೋಡಿದ್ದು. ಬಾರೇ ಒಳಗೆ. ಮಡಿಲಿ ಇದೀನಿ, ಮುಟ್ಟಬೇಡ, ಕೂತ್ಕೋ. ಮಗು ಹೆಸರೇನು?"

"ಪಟ್ಟಾಭಿರಾಮ."

ಮಡಿ ಗಿಡಿ ಬಿಟ್ಟು ಮಗುವನ್ನು ಎತ್ತಿಕೊಂಡಳು. ಬೇರೆಯವರ ಕೈಗೆ ಹೋದರೆ ಕಿರುಚುವವನು ಅವಳ ಕೆಂಪು ಸೆರಗು ಹಿಡಿದು ಸುಮ್ಮನಿದ್ದ.

ನಾನು ತಿಥಿಯ ಲೆಕ್ಕ ಹೇಳಿದೆ. ಅವಳು ಕೇಳಿಸಿಕೊಂಡು, "ಅಷ್ಟು ಓದಿದ್ದಕ್ಕೆ ಇಷ್ಟಾದ್ರೂ ಗೊತ್ತಾಯ್ತಲ್ಲ" ಅಂದಳು. ಅವಳು ಹೇಳಿದ್ದು ಇದು:

"ಸೋಮವಾರ ಮಧ್ಯಾಹ್ನ ಬಂದ. ಕುಣಿಗಲ್ಲಿಂದ ಮಳೇಲಿ ಓಡಿಕೊಂಡೇ ಬಂದಿದ್ದ. ನಾನು ಹಸೂಗೆ ಹುಲ್ಲು ಹಾಕ್ತಿದ್ದೆ. 'ಏನೇ ಅಕ್ಕ, ಎದ್ದು ಓಡಾಡ್ತಿದೀಯ' ಅಂದ. ನಂಗೇನಾಗಿದೆಯೋ ಅಂದೆ. ಜೇಬಿಂದ ಕಾರ್ಡು ತೆಗೆದು ಓದಿ ಹೇಳ್ದ. ಆಮೇಲೆ ಆ ಕಂಬಕ್ಕೆ ಒರಗಿ ನಗ್ತಾ ಕೂತ. ಅಳೋದಕ್ಕಿಂತ ಕೆಟ್ಟ ನಗು. 'ಚಳವಳಿಗೆ ಹೋದ್ರೆ ತನ್ನ ಹೆಡ್‌ಮಾಸ್ಟರಿಕೆ ಹೋಗುತ್ತೆ ಅಂತ ಅಣ್ಣ ನನ್ನ ಊರು ಬಿಡಿಸಿದಾನೆ ಕಣೇ. ಕೂಸಿನ ಕೈಲಿ ಬರೆಸಿದಾನೆ, ನಾನು ನಂಬಲಿ ಅಂತ' ಅಂದ. ಎರಡು ದಿವಸ ಮಳೆ ಬಿಡಲಿಲ್ಲ. ಕೆರೆ ಕೋಡಿ ಬಿದ್ದಿತ್ತು. ನೀರಿಳೀಲಿ, ತಡಿಯೋ ಅಂದೆ. ಬುಧವಾರ ಬೆಳಿಗ್ಗೆ ರೊಟ್ಟಿ ತಟ್ಟಿ ಹಾಕೋ ಅಷ್ಟರಲ್ಲಿ ಹೊರಟೇಹೋಗಿದ್ದ. ಮಧ್ಯಾಹ್ನದ ಬಸ್ಸು ಹಿಡಿದ್ರೆ ಸಾಯಂಕಾಲ ತುಮಕೂರಲ್ಲಿ ಹುಡುಗರ ಜೊತೆ ಸೇರ್ಕೋತೀನಿ ಅಂತಿದ್ದ."

ಅಷ್ಟು ಹೊತ್ತೂ ಜಗಲಿಯ ಕೆಳಗೆ ಒಬ್ಬ ಮುದುಕ ಕೂತಿದ್ದ. ದಾಸಯ್ಯ, ಅವಳ ಹೊಲ ನೋಡಿಕೊಳ್ಳುವವನು. ಅವನು ನೆಲ ನೋಡುತ್ತ ಅಂದ: "ನಾನೇ ಎತ್ತಿದ್ದು ಕಣವ್ವ. ಕೋಡಿ ಕೆಳಗೆ ಹೊಂಗೆ ಮರದ ಬೇರಿಗೆ ಸಿಕ್ಕಂಡಿತ್ತು. ದಾಟಬ್ಯಾಡಿ ಬುದ್ಧಿ ಅಂತ ಕೂಗ್ದೆ, ಕೇಳಿಸ್ತೋ ಇಲ್ವೋ. ನಿಮ್ಮಪ್ಪಾರು ಬಂದು ಮೂರು ದಿನ ಒಂದು ಮಾತೂ ಆಡಲಿಲ್ಲ. ಬುಡಿ, ಹಳೇದು."

ಕೊತ್ತಗೆರೆಯಲ್ಲೇ ಸುಟ್ಟದ್ದು. ಅಪ್ಪನೇ ಬೆಂಕಿ ಇಟ್ಟದ್ದು. ಹದಿಮೂರು ದಿನ ಅಲ್ಲೇ ಇದ್ದು ಕರ್ಮ ಮುಗಿಸಿ ಗುಬ್ಬಿಗೆ ಹೋದರು. ಆಮೇಲೆ ಒಂದು ಸಲ ಬಂದು, ಊರಲ್ಲಿ ಹೀಗೆ ಮಾತಾಗಿದೆ, ನೀನೂ ಹೀಗೇ ಹೇಳು ಅಂದರಂತೆ.

"ನನ್ನ ಮನೆಯಿಂದ ಹೋಗಿ ಸತ್ತೋನ್ನ ತುಮಕೂರು ಬೀದೀಲಿ ಸತ್ತ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ ಕೌಸಿ? ಆಗಲ್ಲ ಅಂದೆ. ಹಾಗಾದ್ರೆ ಗುಬ್ಬಿಗೆ ಬರಬೇಡ ಅಂದ. ಬರಲಿಲ್ಲ."

ದೇವರ ಗೂಡಿನಿಂದ ಒಂದು ಕಾರ್ಡು ತಂದು ಕೊಟ್ಟಳು. "ಜೇಬಲ್ಲಿ ಏನಾದ್ರೂ ಇತ್ತೇ ಅಂತ ನಿಮ್ಮಪ್ಪ ಕೇಳಿದ್ದ. ಕೌಸಿ ಕಾರ್ಡು ಇತ್ತು ಅಂದೆ. ಕೊಡಲಿಲ್ಲ. ಅವನ ಕೈಗೆ ಕೊಡೋಕೆ ಮನಸ್ಸಾಗಲಿಲ್ಲ."

ಕಾರ್ಡು ಉಬ್ಬಿ, ಹಳದಿಯಾಗಿ, ಒಣಗಿದ ಎಲೆಯ ಹಾಗಿದೆ. ಇಂಕಿನ ಅಂಚೆ ಮುದ್ರೆ ಕಲಸಿಹೋಗಿದೆ. ಪೆನ್ಸಿಲಿನಲ್ಲಿ ಬರೆದದ್ದು ನೀರಿಗೆ ಹೋಗುವುದಿಲ್ಲ. ಒಂದೊಂದು ಅಕ್ಷರವೂ ಇದೆ. ನನ್ನ ದುಂಡು ಅಕ್ಷರ.

"ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರಗಳು. ತುಳಸತ್ತೆಗೆ ಹುಷಾರಿಲ್ಲ. ತುಂಬಾ ಜ್ವರ. ನೀನು ತಕ್ಷಣ ಕೊತ್ತಗೆರೆಗೆ ಹೊರಟು ಹೋಗು. ಇಂತಿ ಕೌಸಲ್ಯ."

ಉಪ್ಪಿನಕಾಯಿ ಸೀಸೆ ಕೊಡುವುದಕ್ಕೆ ನಾಚಿಕೆಯಾಯಿತು. ಯಾಕೆ ಅಂತ ಗೊತ್ತಾಗಲಿಲ್ಲ. ಕೊಟ್ಟು ಬಂದೆ.

ಸೆಪ್ಟೆಂಬರ್ ೧೦, ಸೋಮವಾರ

"ಗೆದ್ದು ಬಾ" ಬರೆದದ್ದು ಈಗಲೂ ನೆನಪಿದೆ. ಕಾರ್ಡು ಕಣ್ಣ ಮುಂದೆ ಇಟ್ಟುಕೊಂಡರೂ ಹೋಗುವುದಿಲ್ಲ. ಒತ್ತಕ್ಷರದ ಬಾಲ ಕೆಳಗಿನ ಸಾಲಿಗೆ ತಾಗುತ್ತದೆ. "ತುಳಸತ್ತೆಗೆ ಹುಷಾರಿಲ್ಲ" ಬರೆದದ್ದು ಎಷ್ಟು ತಡಕಿದರೂ ನೆನಪಾಗುವುದಿಲ್ಲ.

ಅಪ್ಪ ಚೂಪು ಮಾಡಿಕೊಟ್ಟದ್ದು ಮಾತ್ರ ನಿಜವಿರಬೇಕು.

ಇವರಿಗೆ ಹೇಳಿದೆ. "ಹದಿನೈದು ವರ್ಷದ ಹಳೇ ಕೇಸು. ಸಾಕ್ಷಿ ಇದೆ ಅಂತ ಎಲ್ಲ ಕೇಸೂ ಹಾಕೋಕಾಗಲ್ಲ ಕಣೇ" ಅಂದರು. ಆಮೇಲೆ ನಿದ್ದೆ ಹೋದರು.

ಸೆಪ್ಟೆಂಬರ್ ೧೬, ಭಾನುವಾರ

ಅಪ್ಪ ಲೇಖನ ತೆಗೆದುಕೊಂಡು ಹೋಗಲು ಬಂದರು. ಅತ್ತೆಯವರು ದೇವಸ್ಥಾನಕ್ಕೆ ಹೋದ ಮೇಲೆ ಹೇಳಿದೆ, ಕೊತ್ತಗೆರೆಗೆ ಹೋಗಿದ್ದೆ ಅಂತ.

ಕಾಫಿ ಲೋಟ ಕೆಳಗಿಟ್ಟರು. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

"ಅಕ್ಕ ಹೇಗಿದಾಳೆ?"

"ಚೆನ್ನಾಗಿದಾಳೆ. ಆವತ್ತೂ ಚೆನ್ನಾಗೇ ಇದ್ದಳು."

"ನಾನು ಸುಳ್ಳು ಹೇಳಲಿಲ್ಲ ಕೌಸಿ. ಕರ್ಮ ಮುಗಿಸಿ ಊರಿಗೆ ಬಂದ ನಾಲ್ಕನೇ ದಿವಸ ಮಹಾದೇವಯ್ಯ ಬಂದ. ಅಲ್ಲೀವರೆಗೂ ಊರಲ್ಲಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. 'ಮೇಷ್ಟ್ರೇ, ಪಟ್ಟಾಭಿನೂ ಮೆರವಣಿಗೇಲಿದ್ದನಂತೆ, ಹೌದೇ' ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳ್ದ. ನಾನು ಇಲ್ಲ ಅನ್ನಲಿಲ್ಲ. ಅಷ್ಟೇ. ಮಿಕ್ಕಿದ್ದು ಅವರೇ ಹೇಳಿಕೊಂಡ್ರು."

"'ಗೆದ್ದು ಬಾ' ಅಂತಲೂ ಅವರೇ ಹೇಳಿಕೊಂಡರೇ?"

ಕಿಟಕಿಯ ಕಡೆ ನೋಡಿ ಅಂದರು: "ಅವನಿಗೆ ಹೋಗೋ ಆಸೆ ಇತ್ತು. ನಾನು ತಡೆದೆ. ಸತ್ತ ಮೇಲಾದ್ರೂ ಕಳಿಸಿದೆ ಅಂತ ತಿಳ್ಕೋ. ಇದರಿಂದ ಯಾರಿಗೆ ನಷ್ಟ ಆಯ್ತು? ನಿಂಗೆ ಸೀಟು ಬಂತು. ಊರಿಗೆ ವಾಚನಾಲಯ ಬಂತು."

"ನನ್ನ ಕೈಲಿ ಯಾಕೆ ಬರೆಸಿದಿರಿ?"

"ನನ್ನ ಅಕ್ಷರ ನೋಡಿದ್ರೆ ಅವನು ನಂಬ್ತಿರಲಿಲ್ಲ."

ಪಾಠ ಹೇಳುವ ದನಿಯಲ್ಲೇ ಹೇಳಿದರು. ಒಂದು ಮತ್ತು ಒಂದು ಎರಡು ಅನ್ನುವ ಹಾಗೆ. ಅಷ್ಟು ವರ್ಷ ಆ ದನಿಯನ್ನು ಕೇಳಿಯೇ ಎಲ್ಲವನ್ನೂ ಕಲಿತಿದ್ದೇನೆ.

ಲೇಖನ ಬರೆಯುವುದಿಲ್ಲ ಅಂದೆ. "ಬೇಡ ಬಿಡು" ಅಂದು ಉಳಿದ ಕಾಫಿ ಕುಡಿದರು. ಮಗುವಿನ ತಲೆ ಸವರಿ ಹೊರಟರು. ಫೈಲು ಮರೆಯದೆ ತೆಗೆದುಕೊಂಡರು.

ಸೆಪ್ಟೆಂಬರ್ ೨೯, ಶನಿವಾರ

ಆಹ್ವಾನ ಪತ್ರಿಕೆ ಬಂದಿದೆ. ಹೋಗುವುದಿಲ್ಲ ಅಂದೆ. "ಸ್ವಂತ ಚಿಕ್ಕಪ್ಪನ ಹೆಸರಿನ ಕಟ್ಟಡ, ನೀನು ಹೋಗದೇ ಇದ್ರೆ ಜನ ನಮ್ಮ ಮನೆಯೋರು ಕಳಿಸಲಿಲ್ಲ ಅಂತಾರೆ" ಅಂದರು ಅತ್ತೆಯವರು. ಹೋಗುತ್ತೇನೆ. ಕಾರ್ಡನ್ನು ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೇನೆ.

ಅಕ್ಟೋಬರ್ ೩, ಬುಧವಾರ

ನಿನ್ನೆ. ಹೊಸ ಸುಣ್ಣದ ವಾಸನೆ, ಮಾವಿನ ಸೊಪ್ಪು, ಮಕ್ಕಳು ಸಾಲಾಗಿ. ಬಾಗಿಲಲ್ಲೇ ಒಬ್ಬ ಹುಡುಗಿ ಸಂಚಿಕೆ ಕೊಟ್ಟಳು. ಮೂರನೆಯ ಪುಟ. "ನನ್ನ ಚಿಕ್ಕಪ್ಪ, ನನ್ನ ಕಾಗದ." ಕೆಳಗೆ: ಶ್ರೀಮತಿ ಕೌಸಲ್ಯ ಸುಬ್ಬಕೃಷ್ಣ, ಬಿ.ಎ.

ನಾಲ್ಕು ಪುಟ. ಮೊದಲ ಸಾಲು ನನ್ನದೇ. "ಸೆಪ್ಟೆಂಬರ್ ಇಪ್ಪತ್ತೈದರಂದು." ಫೈಲಿನಲ್ಲಿ ಉಳಿದುಹೋಗಿತ್ತು. ಮಿಕ್ಕದ್ದೆಲ್ಲ ಜಯರಾಮಯ್ಯನವರದು. ಅಚ್ಚಿನಲ್ಲಿ ಎಲ್ಲರ ಅಕ್ಷರವೂ ಒಂದೇ.

ಓದುತ್ತ ನಿಂತಿದ್ದವಳನ್ನು ಎಳೆದುಕೊಂಡು ಹೋಗಿ ವೇದಿಕೆಯ ಮೇಲೆ ಕೂರಿಸಿದರು. ಜಯರಾಮಯ್ಯನವರು ಮಾತಾಡಿದರು. ದನಿ ಎಲ್ಲೆಲ್ಲಿ ಏರಬೇಕೋ ಅಲ್ಲಲ್ಲಿ ಏರಿತು. ಮಹಾದೇವಯ್ಯನವರು ಎದ್ದರು, ಬೆಳ್ಳಗಿನ ಖಾದಿ, ಒಳ್ಳೆಯ ಮನುಷ್ಯ, ಈಗಲೂ ಕಣ್ಣಲ್ಲಿ ನೀರು. "ಆ ಕಾಗದದಲ್ಲಿ ಏನು ಬರೆದಿದ್ದೆ ಅಂತ ಈ ಮಕ್ಕಳಿಗೆ ನಿನ್ನ ಬಾಯಲ್ಲೇ ಹೇಳಮ್ಮ" ಅಂತ ಮೈಕಿನ ಮುಂದೆ ನಿಲ್ಲಿಸಿದರು.

ಚೀಲ ತೆಗೆದೆ. ಕಾರ್ಡು ಕೈಗೆ ತೆಗೆದುಕೊಂಡೆ. ಓದಿದೆ. ಒಂದು ಪದ ಬಿಡದೆ ಓದಿದೆ. ತುಳಸತ್ತೆಗೆ ಹುಷಾರಿಲ್ಲ. ತುಂಬಾ ಜ್ವರ. ನೀನು ತಕ್ಷಣ ಕೊತ್ತಗೆರೆಗೆ ಹೊರಟು ಹೋಗು.

ಈಗ ಎಲ್ಲರಿಗೂ ಗೊತ್ತಾಯಿತು, ಈಗ ಯಾರಾದರೂ ಕೇಳುತ್ತಾರೆ, ಹೇಳಿಬಿಡುತ್ತೇನೆ ಅಂದುಕೊಂಡೆ.

ಮಹಾದೇವಯ್ಯನವರು ಮೈಕು ತೆಗೆದುಕೊಂಡರು. "ಕೇಳಿದ್ರಾ ಮಕ್ಕಳೇ. ಈ ವಿಷಯ ನನಗೂ ಇವತ್ತೇ ತಿಳಿದದ್ದು. ಹೆತ್ತ ತಾಯಿ ಹಾಗೆ ಸಾಕಿದ ಅಕ್ಕ ಜ್ವರದಲ್ಲಿ ಮಲಗಿದಾಳೆ. ಬಾ ಅಂತ ಕರೆ ಬಂದಿದೆ. ಅದನ್ನ ಜೇಬಲ್ಲಿಟ್ಟುಕೊಂಡು ಪಟ್ಟಾಭಿರಾಮ ಮೆರವಣಿಗೆಗೆ ಹೋದ. ಅಕ್ಕನಿಗಿಂತ ದೇಶ ದೊಡ್ಡದು ಅಂದ. 'ಗೆದ್ದು ಬಾ' ಅನ್ನೋದಕ್ಕಿಂತ ಇದು ದೊಡ್ಡ ಮಾತಲ್ಲವೇ?"

ಚಪ್ಪಾಳೆ. ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತು ತಟ್ಟಿದರು.

ಜಯರಾಮಯ್ಯನವರು ಚಪ್ಪಾಳೆ ತಟ್ಟಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಿದ್ದರು. ಕಾರ್ಡನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ವಾಚನಾಲಯದಲ್ಲಿ ಇಡೋಣ ಅಂದರು ಮಹಾದೇವಯ್ಯನವರು. ನನ್ನ ಕೈಯಿಂದ ತೆಗೆದುಕೊಂಡರು. ನಾನು ಇಲ್ಲ ಅನ್ನಲಿಲ್ಲ.

ಮೆಟ್ಟಿಲಿಳಿಯುವಾಗ ಜಯರಾಮಯ್ಯನವರು ಪಕ್ಕಕ್ಕೆ ಬಂದು ಮೆಲ್ಲಗೆ, "ಆಯ್ತೇ?" ಅಂದರು. ಬೈದದ್ದೋ ಸಮಾಧಾನ ಹೇಳಿದ್ದೋ ತಿಳಿಯಲಿಲ್ಲ.

ಮುಂದಿನ ವರ್ಷದಿಂದ ತುಳಸತ್ತೆಯ ಜ್ವರವೂ ಕಥೆಯಲ್ಲಿ ಇರುತ್ತದೆ.

ಅಕ್ಟೋಬರ್ ೧೩, ಶನಿವಾರ

ಮಗುವಿಗೆ ಎರಡು ಹಲ್ಲು. ಬೇರೆ ಏನೂ ಇಲ್ಲ.

ಅಕ್ಟೋಬರ್ ೨೪, ಬುಧವಾರ

ರೇಡಿಯೋ ಇರುವ ಮನೆಗಳ ಮುಂದೆಲ್ಲ ಜನ. ಗಡಿಯಲ್ಲಿ ಯುದ್ಧ. ಇವರು ಕೋರ್ಟಿನಿಂದ ಬಂದು ಅದೇ ಮಾತು.

ಈಚೆಗೆ ಒಳ್ಳೆಯ ನಿದ್ದೆ. ಮೊನ್ನೆ ಮಗು ಎದ್ದು ಅತ್ತದ್ದೇ ನನಗೆ ತಿಳಿಯಲಿಲ್ಲವಂತೆ. ಅತ್ತೆಯವರೇ ಬಂದು ಎತ್ತಿಕೊಂಡು ಹೋದರಂತೆ. "ಅಂತೂ ಮನುಷ್ಯಳಾದೆ" ಅಂದರು.

ಗುಬ್ಬಿಯಿಂದ ಜಯರಾಮಯ್ಯನವರ ಕಾಗದ ಬಂದಿದೆ. ಮೊಮ್ಮಗನ ಮೊದಲನೆಯ ದೀಪಾವಳಿ, ಅಳಿಯಂದಿರನ್ನೂ ಬೀಗಿತ್ತಿಯವರನ್ನೂ ಕರೆದುಕೊಂಡು ಮೂರು ದಿವಸ ಮುಂಚೆ ಬಾ, ಪಟ್ಟುವಿಗೆ ಹೊಸ ಅಂಗಿ ಹೊಲಿಸಿದ್ದೇನೆ ಅಂತ. ಕೆಳಗೆ ಅಮ್ಮನ ಅಕ್ಷರದಲ್ಲಿ ಒಂದು ಸಾಲು, "ಬಂದು ಹೋಗು ಮಗಳೇ, ಅವರು ಊಟ ಸರಿಯಾಗಿ ಮಾಡುತ್ತಿಲ್ಲ."

ಹೋಗುವುದಕ್ಕೆ ಮನಸ್ಸಿಲ್ಲ. ಯಾಕೆ ಅಂತ ಉದ್ದಕ್ಕೆ ಬರೆಯುವುದಕ್ಕೂ ಮನಸ್ಸಿಲ್ಲ. ಮಧ್ಯಾಹ್ನ ಮಗು ಪಕ್ಕದಲ್ಲಿ ಬೋರಲು ಬಿದ್ದು ಈ ಡೈರಿಯ ಮೂಲೆ ಕಚ್ಚಿ ನಗುತ್ತಿದ್ದ. ಒಂದು ಕಾರ್ಡು ತೆಗೆದುಕೊಂಡೆ. "ಮಗುವಿಗೆ ಹುಷಾರಿಲ್ಲ. ತುಂಬಾ ಜ್ವರ. ಬರುವುದಕ್ಕಾಗುವುದಿಲ್ಲ. ಇಂತಿ ಕೌಸಲ್ಯ." ಎರಡು ನಿಮಿಷದಲ್ಲಿ ಮುಗಿಯಿತು. ಪೆನ್ನಿನಲ್ಲಿ ಇಂಕು ಇರಲಿಲ್ಲ, ಪೆನ್ಸಿಲಿನಲ್ಲೇ ಬರೆದೆ. ಸಂಜೆ ಇವರು ಪೇಟೆಗೆ ಹೋಗುವಾಗ ಡಬ್ಬಿಗೆ ಹಾಕಿದ್ದಾರೆ.